ವಾರಕ್ಕೊಮ್ಮೆ ನುಂಗುವ ಗುಳಿಗೆಯ ಹಿಂದೆ

ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಬೆನ್ನು ಬಾಗಿದ ಮಹಿಳೆಯೊಬ್ಬಳ ಪ್ರಸಂಗವಿದೆ. ಸಬ್ಬತ್ ದಿನ ಪ್ರಭು ಯೇಸು ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಿದ್ದಾಗ ಆಕೆ ಅಲ್ಲಿದ್ದಳು. ನೆಟ್ಟಗೆ ನಿಲ್ಲಲು ಆಕೆಯಿಂದ ಆಗುತ್ತಿರಲಿಲ್ಲ. ಆಕೆಯ ಹೆಸರನ್ನಾಗಲಿ ಮನೆತನವನ್ನಾಗಲಿ ಲೂಕನು ಬರೆಯಲಿಲ್ಲ. ಒಂದು ವಿವರವನ್ನು ಮಾತ್ರ ಬಿಡದೆ ದಾಖಲಿಸಿದ: ಆ ಸ್ಥಿತಿಯಲ್ಲಿ ಆಕೆ ಹದಿನೆಂಟು ವರ್ಷ ಕಳೆದಿದ್ದಳು. ಲೂಕನು ವೈದ್ಯನಾಗಿದ್ದನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದಿಂದ ನಮಗೆ ತಿಳಿದಿದೆ. ನೋವು ಎಷ್ಟು ಕಾಲದಿಂದ ಇದೆ ಎಂದು ಕೇಳುವುದು ವೈದ್ಯರ ಹಳೆಯ ಪದ್ಧತಿ. ಕೀಲುಗಳ ಬೇನೆಯಲ್ಲಂತೂ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿಲ್ಲವೆಂಬುದು ಕಳೆದ ಮೂವತ್ತು ವರ್ಷಗಳಲ್ಲಿ ಖಚಿತವಾಗಿದೆ.

ರಾಮದುರ್ಗ, ಸುರೇಬಾನದ ಕಡೆ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಕೈಬೆರಳುಗಳ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಲಾಳಿ ಓಡಬೇಕಾದರೆ ಪಕ್ಕದಲ್ಲಿ ಯಾರಾದರೂ ಕಂಡಿಕೆ ಸುತ್ತುತ್ತಿರಬೇಕು. ಬಹುತೇಕ ಅದು ಮನೆಯ ಹೆಣ್ಣುಮಕ್ಕಳ ಕೆಲಸ. ಬೆಳಗಾಗೆದ್ದು ಕೊಡ ಎತ್ತುವುದು, ಹಿಟ್ಟು ನಾದುವುದು, ಜೋಳದ ರೊಟ್ಟಿ ಬಡಿಯುವುದು ಎಲ್ಲವೂ ಮಣಿಕಟ್ಟು ಮತ್ತು ಬೆರಳುಗಳನ್ನೇ ನಂಬಿವೆ. ಇಂಥ ಮನೆಯಲ್ಲಿ ಮೂವತ್ತೈದು, ನಲವತ್ತರ ಪ್ರಾಯದ ತಾಯಿಗೆ ಮುಂಜಾನೆ ಎರಡೂ ಕೈಗಳು ಬಿಗಿದುಕೊಂಡು, ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡು, ಬಿಸಿಲೇರುವವರೆಗೆ ಮುಷ್ಟಿ ಕಟ್ಟಲು ಬಾರದಂತಾದರೆ ರೊಟ್ಟಿ ಬಡಿಯುವ ಕೆಲಸ ಮಗಳ ಪಾಲಿಗೆ ಬರುತ್ತದೆ. ಮಗಳ ಶಾಲೆ ತಪ್ಪುತ್ತದೆ. ನೆರೆಯವರು 'ವಾಯು ಆಗಿದೆ' ಎನ್ನುತ್ತಾರೆ. ಎಣ್ಣೆ ತಿಕ್ಕುತ್ತಾರೆ, ಶಾಖ ಕೊಡುತ್ತಾರೆ, ಬದನೆಕಾಯಿ ಬಿಡಿಸುತ್ತಾರೆ. ಹೀಗೆ ಒಂದು ವರ್ಷ, ಎರಡು ವರ್ಷ ಕಳೆಯುತ್ತದೆ.

ಆ ಬಿಗಿತ ಹೇಗಿರುತ್ತದೆಂಬುದನ್ನು ಇತರರೂ ಒಮ್ಮೆ ಉಂಡಿದ್ದೇವೆ. 2006ರಲ್ಲಿ ಚಿಕುನ್‌ಗುನ್ಯ ಜ್ವರ ನಮ್ಮ ರಾಜ್ಯವನ್ನು ವ್ಯಾಪಿಸಿದಾಗ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ಸರಕಾರದ ಲೆಕ್ಕಕ್ಕೆ ಸಿಕ್ಕರು. ಆ ಹೆಸರು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯದು. ಮನುಷ್ಯನನ್ನು ಬಗ್ಗಿಸಿಬಿಡುವಂಥದ್ದು ಎಂಬ ಅರ್ಥ ಅದಕ್ಕಿದೆ. ಗೋಡೆ ಹಿಡಿದು ನಡೆದ ಆ ದಿನಗಳನ್ನು ನೆನೆದುಕೊಂಡರೆ, ಅದೇ ನೋವನ್ನು ಜ್ವರವಿಲ್ಲದೆ ಜೀವಮಾನವಿಡೀ ಹೊತ್ತವರ ಸ್ಥಿತಿ ಸ್ವಲ್ಪಮಟ್ಟಿಗೆ ಅರ್ಥವಾದೀತು. ಚಿಕುನ್‌ಗುನ್ಯ ಹೆಚ್ಚಿನವರನ್ನು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಿಟ್ಟುಹೋಯಿತು. ನಾನು ಬರೆಯಹೊರಟಿರುವ ಬೇನೆ ತಾನಾಗಿ ಬಿಟ್ಟುಹೋಗುವುದು ಅಪರೂಪ. ಅದಕ್ಕೆ ರುಮಟಾಯ್ಡ್ ಸಂಧಿವಾತವೆಂದು ಹೆಸರು. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ಇಲ್ಲಿ ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರವನ್ನು ಶತ್ರುವೆಂದು ಬಗೆದು ಅದರ ಮೇಲೆ ಎರಗುತ್ತದೆ. ಲೂಪಸ್ ಮೊದಲಾದ ಇನ್ನೂ ಹಲವು ಬೇನೆಗಳು ಇದೇ ಕುಟುಂಬಕ್ಕೆ ಸೇರಿವೆ.

ಇದು ಶ್ರೀಮಂತರ ಅಥವಾ ಪೇಟೆಯವರ ಕಾಯಿಲೆಯೆಂಬ ಮಾತು ಒಂದು ಕಾಲಕ್ಕೆ ಇತ್ತು. ಪುಣೆಯ ವೈದ್ಯ ಡಾ. ಅರವಿಂದ ಚೋಪ್ರಾ ಅವರು 1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಎಂಬ ಹಳ್ಳಿಯಲ್ಲಿ ಮನೆಮನೆಗೆ ಕಾರ್ಯಕರ್ತರನ್ನು ಕಳಿಸಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದರು. ಅಲ್ಲಿ ಸುಮಾರು ಇನ್ನೂರು ಮಂದಿಗೆ ಒಬ್ಬರಂತೆ ರುಮಟಾಯ್ಡ್ ಸಂಧಿವಾತ ಕಂಡುಬಂತು. ಭಿಗವಣ ನಮ್ಮ ಊರುಗಳಂತೆಯೇ ಬೇಸಾಯದ ಸೀಮೆಯ ಹಳ್ಳಿ. ಅದೇ ಪ್ರಮಾಣ ಇಲ್ಲಿಯೂ ಇದೆಯೆಂದು ಭಾವಿಸಿದರೆ, ಹತ್ತು ಸಾವಿರ ವಯಸ್ಕರಿರುವ ಊರಿನಲ್ಲಿ ಸುಮಾರು ಐವತ್ತು ಮಂದಿ. ಹೆಣ್ಣುಮಕ್ಕಳಲ್ಲಿ ಇದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಕಾರಣವೇನೆಂದು ಮನುಷ್ಯ ಬಹಳ ಹಿಂದಿನಿಂದಲೂ ಕೇಳುತ್ತಲೇ ಬಂದಿದ್ದಾನೆ. ನಮ್ಮ ನಾಡಿನ ಆಯುರ್ವೇದ ಗ್ರಂಥವಾದ ಮಾಧವನಿದಾನದಲ್ಲಿ 'ಆಮವಾತ' ಎಂಬ ಪ್ರತ್ಯೇಕ ಅಧ್ಯಾಯವೇ ಇದೆ; ಜೀರ್ಣವಾಗದೆ ಉಳಿದ ಆಮವು ವಾತದೊಡನೆ ಸೇರಿ ಸಂಧಿಗಳಲ್ಲಿ ನೆಲೆಸುತ್ತದೆಂದು ಅಲ್ಲಿನ ವಿವರಣೆ. ಯುರೋಪಿನವರು ತಲೆಯಿಂದ ಕೆಟ್ಟ ರಸವೊಂದು ಕೆಳಗೆ ಹರಿದು ಕೀಲುಗಳಲ್ಲಿ ನಿಲ್ಲುತ್ತದೆಂದು ನಂಬಿದ್ದರು. ಹರಿವು ಎಂಬರ್ಥದ ಗ್ರೀಕ್ ಪದದಿಂದಲೇ 'ರುಮಟಿಸಂ' ಎಂಬ ಮಾತು ಹುಟ್ಟಿತು. 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಲಾಂಡ್ರೆ ಬೊವೆ ಎಂಬ ಯುವ ವೈದ್ಯನು ಅಲ್ಲಿನ ಒಂಬತ್ತು ಜನ ಬಡ ಹೆಂಗಸರ ಕೀಲುಬೇನೆಯನ್ನು ವಿವರಿಸಿ, ಇದು ಗೌಟ್ ಎಂಬ ಧನಿಕರ ರೋಗದಂಥದ್ದಲ್ಲವೆಂದು ಬರೆದ. ಇಂದಿನ ಹೆಸರನ್ನು ಕೊಟ್ಟವನು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ.

ಗ್ರಂಥಗಳ ಹೊರಗೆ ಸಾಮಾನ್ಯ ಜನರು ಹುಡುಕಿದ ಕಾರಣ ಮತ್ತೊಂದು ಬಗೆಯದು. ಯಾರ ಶಾಪ, ಯಾರ ಪಾಪ, ಯಾರ ಕಣ್ಣು? ಹುಟ್ಟುಕುರುಡನನ್ನು ಕಂಡು ಶಿಷ್ಯರು ಪ್ರಭುವಿಗೆ ಹಾಕಿದ ಪ್ರಶ್ನೆಯೂ ಇದೇ ಆಗಿತ್ತು. ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಆದರೂ ನಮ್ಮ ಮನೆಗಳಲ್ಲಿ ಅದಿನ್ನೂ ಸತ್ತಿಲ್ಲ. ಸೊಸೆಗೆ ಕೀಲುಬೇನೆ ಬಂದರೆ ಆಕೆಯ ತವರಿನವರು ಬಚ್ಚಿಟ್ಟು ಮದುವೆ ಮಾಡಿದರೆಂಬ ಮಾತನ್ನು ಕೇಳದವರು ಯಾರು?

ಭಕ್ತಿವಂತರಿಗೂ ಈ ಬಗೆಯ ನೋವು ತಪ್ಪಿದ್ದಲ್ಲ. ಸಂತ ಅಲ್ಫೋನ್ಸ್ ಲಿಗೋರಿಯವರು ಇಟಲಿಯ ಸಾಂತ ಆಗತದ ಧರ್ಮಾಧ್ಯಕ್ಷರಾಗಿದ್ದಾಗ, 1768ರಲ್ಲಿ, ತೀವ್ರವಾದ ಸಂಧಿಬೇನೆಗೆ ತುತ್ತಾದರು. ಕತ್ತು ಎಷ್ಟು ಬಾಗಿತೆಂದರೆ ಗದ್ದವು ಎದೆಗೆ ಒತ್ತಿ ಅಲ್ಲಿ ಹುಣ್ಣಾಯಿತು. ಊಟದಲ್ಲಿ ಏನನ್ನಾದರೂ ಕುಡಿಯಬೇಕಾದರೆ ನಳಿಕೆಯ ಮೂಲಕವೇ ಹೀರಬೇಕಾಯಿತು. ಕುರ್ಚಿಯ ಆಸರೆ ಪಡೆದು, ಸಹಾಯಕನ ನೆರವಿನಿಂದ ಪಾನಪಾತ್ರೆಯನ್ನು ತುಟಿಗೆ ತರುವ ಉಪಾಯವನ್ನು ಅಗಸ್ಟೀನ್ ಸಭೆಯ ಗುರುವೊಬ್ಬರು ತೋರಿಸಿಕೊಡುವವರೆಗೆ ಅವರಿಗೆ ದಿವ್ಯಬಲಿಪೂಜೆ ಅರ್ಪಿಸಲೂ ಸಾಧ್ಯವಿರಲಿಲ್ಲ. ಬಾಗಿದ ಆ ದೇಹದಲ್ಲಿ ಅವರು 1787ರವರೆಗೆ ಬದುಕಿದರು. ಅಂದಿನ ವೈದ್ಯರ ಬಳಿ ಅವರಿಗೆ ಕೊಡಲು ಹೆಚ್ಚೇನೂ ಇರಲಿಲ್ಲ.

ಇದ್ದ ಅಲ್ಪಸ್ವಲ್ಪ ಔಷಧಗಳು ಮರದ ತೊಗಟೆಯಿಂದ ಬಂದವು, ಮತ್ತು ಅವುಗಳ ಕಥೆಯಲ್ಲಿ ಧರ್ಮಸಭೆಯ ಸೇವಕರು ಕಾಣಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಆಂಗ್ಲಿಕನ್ ಪಾದ್ರಿ ನೀರವಂಜಿ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ ಸುಮಾರು ಐವತ್ತು ಮಂದಿ ಜ್ವರಪೀಡಿತರಿಗೆ ಕೊಟ್ಟು ನೋಡಿ, 1763ರಲ್ಲಿ ರಾಯಲ್ ಸೊಸೈಟಿಗೆ ವರದಿ ಬರೆದರು. ಜೌಗುನೆಲ ಜ್ವರವನ್ನು ತರುತ್ತದೆ, ಆದ್ದರಿಂದ ಜೌಗಿನಲ್ಲಿ ಬೆಳೆಯುವ ಮರವೇ ಅದಕ್ಕೆ ಮದ್ದಾಗಬೇಕು ಎಂಬುದು ಅವರ ತರ್ಕ. ತರ್ಕ ಸುಳ್ಳು, ಮದ್ದು ನಿಜ. ಅದೇ ತೊಗಟೆಯ ಸತ್ವವನ್ನು 1876ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಲಗನ್ ಎಂಬ ವೈದ್ಯ ಕೀಲುಜ್ವರದ ರೋಗಿಗಳಿಗೆ ಕೊಟ್ಟು ಯಶಸ್ಸು ಕಂಡ. 1899ರಲ್ಲಿ ಅದರ ಸಂಬಂಧಿಯಾದ ಆಸ್ಪಿರಿನ್ ಮಾರುಕಟ್ಟೆಗೆ ಬಂತು. ಎರಡನೆಯ ತೊಗಟೆ ದಕ್ಷಿಣ ಅಮೆರಿಕದ ಸಿಂಕೋನ. ಲೀಮಾದಲ್ಲಿದ್ದ ಯೇಸುಸಭೆಯ ಔಷಧಾಲಯದಿಂದ ಅದು ರೋಮಿಗೆ ಹೋಯಿತು. ಕಾರ್ಡಿನಲ್ ದೆ ಲೂಗೊ ಅವರು ಅದನ್ನು ಬಡವರಿಗೆ ಹಂಚಿಸಿದರು. ಬಹುಕಾಲ ಅದನ್ನು ಯೇಸುಸಭೆಯವರ ತೊಗಟೆ ಎಂದೇ ಜನ ಕರೆಯುತ್ತಿದ್ದರು. ಪೆರುವಿನ ರಾಜಪ್ರತಿನಿಧಿಯ ಪತ್ನಿ ಅದರಿಂದ ಗುಣಹೊಂದಿದಳೆಂಬ ಪ್ರಸಿದ್ಧ ಕಥೆ ಮಾತ್ರ ಕಟ್ಟುಕಥೆ.

ಸಿಂಕೋನದಿಂದ ಬಂದ ಕ್ವಿನೈನ್ ಮಲೇರಿಯಾದ ಔಷಧವೆಂದು ನಮಗೆಲ್ಲ ಗೊತ್ತು. ಅದನ್ನು ಲಂಡನ್ನಿನ ಪೇನ್ ಎಂಬ ವೈದ್ಯ 1894ರಲ್ಲಿ ಲೂಪಸ್ ರೋಗಿಗಳಿಗೆ ಕೊಟ್ಟು ನೋಡಿದ್ದ. ಎರಡನೆಯ ಮಹಾಯುದ್ಧದಲ್ಲಿ ಮಲೇರಿಯಾ ಬಾರದಿರಲೆಂದು ಸೈನಿಕರಿಗೆ ಮೆಪಾಕ್ರಿನ್ ಗುಳಿಗೆ ನುಂಗಿಸಿದರು. 1951ರಲ್ಲಿ ಫ್ರಾನ್ಸಿಸ್ ಪೇಜ್ ಎಂಬ ವೈದ್ಯ ಅದು ಲೂಪಸ್ಸನ್ನು ತಗ್ಗಿಸುವುದನ್ನು ಪ್ರಕಟಿಸಿದ. ಅದೇ ವಂಶದ ಹೈಡ್ರಾಕ್ಸಿಕ್ಲೋರೋಕ್ವಿನ್ 1955ರಲ್ಲಿ ಬಳಕೆಗೆ ಬಂದು ಇಂದಿಗೂ ಲೂಪಸ್ ಚಿಕಿತ್ಸೆಯ ಬೆನ್ನೆಲುಬಾಗಿದೆ. 2020ರ ಕೊರೋನಾ ದಿನಗಳಲ್ಲಿ ಜನ ಈ ಗುಳಿಗೆಗಾಗಿ ಅಂಗಡಿಗಳಿಗೆ ಮುಗಿಬಿದ್ದದ್ದು ನೆನಪಿರಬಹುದು. ಕೊರೋನಾಕ್ಕೆ ಅದು ಪ್ರಯೋಜನಕ್ಕೆ ಬರಲಿಲ್ಲವೆಂದು ಆಮೇಲೆ ಸಿದ್ಧವಾಯಿತು. ಅಷ್ಟರಲ್ಲಿ ಅದನ್ನೇ ನಂಬಿದ್ದ ಲೂಪಸ್ ರೋಗಿಗಳು ಅದು ಸಿಗದೆ ಪರದಾಡಿದ್ದರು.

ಕಾರಣದ ಹುಡುಕಾಟಕ್ಕೆ ಮರಳೋಣ. ಕ್ರಿಮಿಗಳೇ ರೋಗಕ್ಕೆ ಮೂಲವೆಂದು ತಿಳಿದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೀಲುಬೇನೆಗೂ ಒಂದು ಕ್ರಿಮಿಯನ್ನು ಹುಡುಕತೊಡಗಿದರು. ಹಲ್ಲಿನ ಬುಡದಲ್ಲೋ ಗಂಟಲಿನ ಟಾನ್ಸಿಲಿನಲ್ಲೋ ಅಡಗಿದ ಸೋಂಕೇ ಕಾರಣವೆಂದು ಎಷ್ಟೋ ರೋಗಿಗಳ ಹಲ್ಲುಗಳನ್ನೆಲ್ಲ ಕಿತ್ತರು; ಹಲ್ಲು ಹೋಯಿತು, ನೋವು ಉಳಿಯಿತು. ಚಿನ್ನದ ಲವಣವೊಂದು ಕ್ಷಯದ ಕ್ರಿಮಿಯನ್ನು ತಡೆಯುತ್ತದೆಂದು ರಾಬರ್ಟ್ ಕಾಕ್ 1890ರಲ್ಲಿ ಹೇಳಿದ್ದರು. ಕೀಲುಬೇನೆಗೂ ಕ್ಷಯಕ್ಕೂ ನಂಟಿದೆಯೆಂದು ಭಾವಿಸಿದ ಫ್ರಾನ್ಸಿನ ಜಾಕ್ ಫಾರೆಸ್ಟಿಯೆ 1929ರಲ್ಲಿ ತನ್ನ ರೋಗಿಗಳಿಗೆ ಚಿನ್ನದ ಚುಚ್ಚುಮದ್ದು ಕೊಟ್ಟ. ನಂಟು ಇರಲಿಲ್ಲ, ಆದರೂ ಹಲವರು ಸುಧಾರಿಸಿದರು. ಮುಂದಿನ ಐದು ದಶಕ ಚಿನ್ನದ ಸೂಜಿ ಈ ರೋಗದ ಪ್ರಮುಖ ಚಿಕಿತ್ಸೆಯಾಗಿತ್ತು. ಈ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ: ತಪ್ಪು ಊಹೆಯನ್ನು ಹಿಡಿದು ಹೊರಟವರು ಕೂಡ ರೋಗಿಯನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ಬರೆದಿಟ್ಟದ್ದರಿಂದ ಮುಂದಿನವರಿಗೆ ದಾರಿಯಾದರು.

ದೇಹವು ತನ್ನ ಮೇಲೆ ತಾನೇ ಶಸ್ತ್ರ ಎತ್ತುವುದೆಂಬ ಮಾತನ್ನು ದೊಡ್ಡ ವಿಜ್ಞಾನಿಗಳೂ ಒಪ್ಪಲು ಹಿಂಜರಿದರು. ಪ್ರಕೃತಿ ಅಂಥದ್ದಕ್ಕೆ ಹೇಸುತ್ತದೆ ಎಂಬ ನಿಲುವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರದು. ಅವರ ಹೆಸರಿನ ತೂಕದಿಂದಾಗಿ ಅದು ದಶಕಗಟ್ಟಲೆ ಉಳಿಯಿತು. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಈ ರೋಗಿಗಳ ರಕ್ತದಲ್ಲಿ ವಿಚಿತ್ರವಾದ ಪ್ರತಿಕಾಯವೊಂದನ್ನು ವರದಿ ಮಾಡಿದರು. ಇಂದು ಪ್ರಯೋಗಾಲಯದ ಚೀಟಿಯಲ್ಲಿ ಆರ್.ಎ. ಫ್ಯಾಕ್ಟರ್ ಎಂದು ಬರೆದಿರುವುದು ಅದನ್ನೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಹಾರ್ಗ್ರೇವ್ಸ್ ಲೂಪಸ್ ರೋಗಿಗಳ ಮಜ್ಜೆಯಲ್ಲಿ ಇದೇ ಬಗೆಯ ಗುರುತನ್ನು ಕಂಡರು. 1956ರಲ್ಲಿ ಎರಡು ದೇಶಗಳ ಸಂಶೋಧಕರು ಥೈರಾಯ್ಡ್ ಗ್ರಂಥಿಯ ವಿಷಯದಲ್ಲಿ ಸ್ವದೇಹಾಕ್ರಮಣವನ್ನು ತೋರಿಸಿಕೊಟ್ಟ ಮೇಲೆ ಎರ್ಲಿಕ್ಕರ ಮಾತು ಹಿಂದೆ ಸರಿಯಿತು.

ಈ ನಡುವೆ ಪವಾಡದಂತೆ ತೋರಿದ ಘಟನೆಯೊಂದು ನಡೆಯಿತು. ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯ 1929ರಿಂದ ಒಂದು ವಿಷಯವನ್ನು ಗಮನಿಸುತ್ತ ಬಂದಿದ್ದರು: ಕಾಮಾಲೆ ಬಂದಾಗ ಕೆಲವು ರೋಗಿಗಳ ಕೀಲುನೋವು ಇಳಿಯುತ್ತದೆ, ಗರ್ಭಿಣಿಯಾದಾಗ ಎಷ್ಟೋ ಹೆಂಗಸರ ಕೈಗಳು ಸಡಿಲವಾಗುತ್ತವೆ. ನಮ್ಮ ಊರಿನ ಯಾವ ಸೂಲಗಿತ್ತಿಯೂ ಈ ಎರಡನೆಯದನ್ನು ಹೇಳಬಲ್ಲವಳಾಗಿದ್ದಳು; ಅದನ್ನು ಕೇಳಿ ಬರೆದುಕೊಳ್ಳುವವರು ಬೇಕಿತ್ತು. ದೇಹವೇ ತಯಾರಿಸುವ ಯಾವುದೋ ವಸ್ತು ಇದಕ್ಕೆ ಕಾರಣವೆಂದು ಹೆಂಚ್ ತರ್ಕಿಸಿದರು. ಅವರ ಸಹೋದ್ಯೋಗಿ ಕೆಂಡಾಲ್ ಮೂತ್ರಜನಕಾಂಗದ ಮೇಲಿನ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವನ್ನು, ಸಂತ ಫ್ರಾನ್ಸಿಸರ ಸಭೆಯ ಭಗಿನಿಯರು ನಡೆಸುತ್ತಿದ್ದ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, 1948ರ ಸೆಪ್ಟೆಂಬರ್ 21ರಂದು 29 ವರ್ಷದ ಮಹಿಳೆಯೊಬ್ಬಳಿಗೆ ಚುಚ್ಚಿದರು. ಹಾಸಿಗೆ ಹಿಡಿದಿದ್ದ ಆಕೆ ವಾರದೊಳಗೆ ಎದ್ದು ಪೇಟೆ ಸುತ್ತಿಬಂದಳು. ಅದೇ ಕಾರ್ಟಿಸೋನ್. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆ ಹರ್ಷ ಬಹುಕಾಲ ಉಳಿಯಲಿಲ್ಲ. ಔಷಧ ನಿಲ್ಲಿಸಿದೊಡನೆ ನೋವು ಮರಳಿತು; ಮುಂದುವರಿಸಿದರೆ ಮುಖ ಊದಿತು, ಎಲುಬು ಟೊಳ್ಳಾಯಿತು, ಸಕ್ಕರೆ ಏರಿತು. ತಿಳಿದ ವೈದ್ಯರು ಇಂದು ಸ್ಟಿರಾಯ್ಡನ್ನು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲ, ಬೇರೆ ಔಷಧ ಹಿಡಿಯುವವರೆಗಿನ ಸೇತುವೆಯಾಗಿ ಬಳಸುತ್ತಾರೆ. ಆದರೆ ನಮ್ಮ ಹಳ್ಳಿ-ಪೇಟೆಗಳಲ್ಲಿ ಅದು ಬೇರೊಂದು ವೇಷದಲ್ಲಿ ಬದುಕಿದೆ. ಹೆಸರಿಲ್ಲದ ಪೊಟ್ಟಣದ ಪುಡಿ, ಚೀಟಿ ಇಲ್ಲದ ಸೂಜಿ, 'ಮೂರೇ ದಿನದಲ್ಲಿ ವಾಯು ಮಾಯ' ಎನ್ನುವ ಗುಳಿಗೆ: ಇವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬಯಲಾಗಿದೆ. ಹಸಿವು ಹೆಚ್ಚುತ್ತದೆ, ಕೆನ್ನೆ ತುಂಬುತ್ತದೆ, ತಾಯಿ ಗುಣವಾದಳೆಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಕೀಲು ಸವೆಯುವುದು ನಿಂತಿರುವುದಿಲ್ಲ. ಇದರಲ್ಲಿ ಆ ತಾಯಂದಿರನ್ನು ದೂರುವುದು ನನ್ನಿಂದಾಗದು. ಬೆಳಗಾದರೆ ರೊಟ್ಟಿ ಬಡಿಯಬೇಕಾದವಳಿಗೆ ಮೂರೇ ದಿನದ ಮಾತು ಎಷ್ಟು ಹಿತವಾಗಿ ಕೇಳುತ್ತದೆಂಬುದು ಯಾರಿಗೂ ಅರ್ಥವಾಗುವಂಥದ್ದೇ.

ಕೈಗಳನ್ನು ನಿಜವಾಗಿ ಉಳಿಸಿದ ಔಷಧ ನಿಧಾನವಾಗಿ ಕೆಲಸ ಮಾಡುವಂಥದ್ದು. ಅದರ ಕಥೆ ಆರಂಭವಾಗುವುದು ನಮ್ಮದೇ ಹಳೆಯ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿ, ಅದೂ ನೇಯ್ಗೆಯ ಗಿರಣಿಗಳ ಹೆಣ್ಣಾಳುಗಳ ನಡುವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಕಬ್ಬಿಣಾಂಶ ಕೊಟ್ಟರೂ ಫಲವಿರಲಿಲ್ಲ. ಲೂಸಿ ವಿಲ್ಸ್ ಅವರು ಆ ಹೆಂಗಸರು ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ ಎಂಬುದನ್ನು ಹುಡುಕಿದರು. ಕೊನೆಗೆ ಈಸ್ಟಿನಿಂದ ತೆಗೆಯುವ ಮಾರ್ಮೈಟ್ ಎಂಬ ಅಗ್ಗದ ಸಾರವು ಅವರ ರಕ್ತವನ್ನು ಮರಳಿ ತುಂಬಿಸುತ್ತದೆಂದು ಕಂಡು, 1931ರಲ್ಲಿ ಪ್ರಕಟಿಸಿದರು. ಈಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವನ್ನು ಕೆಲಕಾಲ 'ವಿಲ್ಸ್ ಅಂಶ' ಎಂದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ ಸೊಪ್ಪನ್ನು ಅರೆದು ಅದೇ ಬಗೆಯ ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ನಮ್ಮ ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಗುಳಿಗೆಯಲ್ಲಿ ಕಬ್ಬಿಣದೊಂದಿಗೆ ಇರುವುದು ಅದೇ.

ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಸನ್ಯಾಸಿಯಾಗಲು ಬಯಸಿದವರು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಗೆ ನಿಂತದ್ದಕ್ಕೆ ಬಿಳಿಯ ಪ್ರಾಧ್ಯಾಪಕನ ಸಿಟ್ಟಿಗೆ ಗುರಿಯಾಗಿ, ಪೂರ್ಣ ಪದವಿಯ ಬದಲು ಕೆಳಗಿನ ದರ್ಜೆಯ ಪ್ರಮಾಣಪತ್ರ ಪಡೆದವರು. ಅವರ ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಯಿಂದ ಅಕಾಲದಲ್ಲಿ ತೀರಿಕೊಂಡರು. ಅವರೂ ಅದಕ್ಕೆ ಸಿಲುಕಿ, ಆಯುರ್ವೇದ ಚಿಕಿತ್ಸೆಯಿಂದ ಬದುಕುಳಿದರು. ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ದುಡಿದು, 1940ರಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯ ಸೇರಿದರು. 1945ರ ಹೊತ್ತಿಗೆ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು, ಸಹೋದರರು ಹೋಗಿ ದಶಕಗಳು ಕಳೆದ ಮೇಲೆ.

ಮುಂದಿನ ಹೆಜ್ಜೆ ತದ್ವಿರುದ್ಧ ದಿಕ್ಕಿನದು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತುವೊಂದನ್ನು ಬಯಸಿದರು. ಸುಬ್ಬರಾವ್ ಅವರ ತಂಡ ಅಮಿನೋಪ್ಟೆರಿನ್ ಎಂಬುದನ್ನು, ಅದರ ಬೆನ್ನಿಗೇ ಮೆಥೋಟ್ರೆಕ್ಸೇಟ್ ಎಂಬುದನ್ನು ತಯಾರಿಸಿಕೊಟ್ಟಿತು. 1948ರ ಆಗಸ್ಟಿನಲ್ಲಿ ಸುಬ್ಬರಾವ್ ನಿದ್ರೆಯಲ್ಲೇ ತೀರಿಕೊಂಡರು. ಆಗ ಅವರಿಗೆ 53 ವರ್ಷ. ತಾವು ತಯಾರಿಸಿದ್ದು ಕೀಲುಬೇನೆಯ ಔಷಧವಾದೀತೆಂದು ತಿಳಿಯಲು ಅವರಿಗೆ ಅವಕಾಶವಾಗಲಿಲ್ಲ. 1951ರಲ್ಲಿ ನ್ಯೂಯಾರ್ಕಿನ ಗಬ್ನರ್ ಎಂಬ ವೈದ್ಯ ಅಮಿನೋಪ್ಟೆರಿನ್ನಿನಿಂದ ರುಮಟಾಯ್ಡ್ ರೋಗಿಗಳ ಊತ ಇಳಿಯುವುದನ್ನು ಪ್ರಕಟಿಸಿದಾಗ ಯಾರೂ ಕಿವಿಗೊಡಲಿಲ್ಲ. ಎಲ್ಲರ ಕಣ್ಣು ಕಾರ್ಟಿಸೋನಿನ ಮೇಲಿತ್ತು. ಕ್ಯಾನ್ಸರಿನ ವಿಷವನ್ನು ಕೀಲುನೋವಿಗೆ ಕೊಡುವುದೆಂದರೆ ಭಯವೂ ಇತ್ತು. 1985ರಲ್ಲಿ ಪ್ರಕಟವಾದ ಪರೀಕ್ಷೆಗಳು ವಾರಕ್ಕೊಮ್ಮೆ ಕೊಡುವ ಅಲ್ಪ ಪ್ರಮಾಣದ ಮೆಥೋಟ್ರೆಕ್ಸೇಟ್ ಈ ರೋಗವನ್ನು ಹಿಡಿದು ನಿಲ್ಲಿಸುತ್ತದೆಂದು ತೋರಿಸಿಕೊಟ್ಟವು. 1988ರಲ್ಲಿ ಅಮೆರಿಕ ಸರಕಾರ ಒಪ್ಪಿಗೆ ನೀಡಿತು. ಗಬ್ನರ್ ಬರೆದು ಆಗ 37 ವರ್ಷಗಳಾಗಿದ್ದವು. ಆ 37 ವರ್ಷಗಳಲ್ಲಿ ಎಷ್ಟು ಕೈಗಳು ಸೊಟ್ಟಗಾದವೋ, ಲೆಕ್ಕವಿಟ್ಟವರಿಲ್ಲ.

ಅನಂತರದ ದೊಡ್ಡ ಹೆಜ್ಜೆಯಲ್ಲೂ ಒಬ್ಬ ಭಾರತ ಮೂಲದವರಿದ್ದಾರೆ. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಅವರ ಸಂಗಾತಿ ಮಾರ್ಕ್ ಫೆಲ್ಡ್‌ಮನ್ ಅವರು ಉರಿಯೂತದ ಕೆಂಡವನ್ನು ಊದುವ ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆಯುವ ಚಿಕಿತ್ಸೆಯನ್ನು 1992ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದರು. ಜೈವಿಕ ಔಷಧಗಳೆಂದು ಕರೆಯುವ ಈ ಗುಂಪು ಬಹಳ ಪರಿಣಾಮಕಾರಿ. ಬೆಲೆ ಮಾತ್ರ ಬಡವರ ಎಟುಕಿಗೆ ದೂರ, ಮತ್ತು ಅಡಗಿರುವ ಕ್ಷಯವನ್ನು ಎಬ್ಬಿಸುವ ಅಪಾಯವಿರುವುದರಿಂದ ನಮ್ಮ ದೇಶದಲ್ಲಿ ಮೊದಲು ಅದರ ಪರೀಕ್ಷೆಯಾಗಬೇಕು. ಆದರೆ ದುಬಾರಿ ಔಷಧವಿಲ್ಲದೆ ದಾರಿಯೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 110 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಇಬ್ಬರಿಗೂ ಹಳೆಯ, ಸಾಮಾನ್ಯ ಔಷಧಗಳೇ. ಒಂದು ಗುಂಪಿನವರನ್ನು ಮಾತ್ರ ಪ್ರತಿ ತಿಂಗಳೂ ಕರೆದು, ಕೀಲುಗಳನ್ನು ಎಣಿಸಿ, ಊತ ಉಳಿದಿದ್ದರೆ ಔಷಧವನ್ನು ಹೆಚ್ಚಿಸಿದರು. ಹದಿನೆಂಟು ತಿಂಗಳ ಕೊನೆಗೆ ಆ ಗುಂಪಿನಲ್ಲಿ ನೂರಕ್ಕೆ 65 ಮಂದಿಯ ರೋಗ ಶಾಂತವಾಗಿತ್ತು. ಇನ್ನೊಂದರಲ್ಲಿ ನೂರಕ್ಕೆ 16. ವ್ಯತ್ಯಾಸ ತಂದದ್ದು ತಿಂಗಳ ಭೇಟಿ. ಊತ ಕಾಣಿಸಿದ ಮೊದಲ ಮೂರರಿಂದ ಆರು ತಿಂಗಳಲ್ಲೇ ಚಿಕಿತ್ಸೆ ತೊಡಗಿದರೆ ಫಲ ಎಲ್ಲಕ್ಕಿಂತ ಹೆಚ್ಚು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡಲಾರದು.

ಮೂಲಕಾರಣದ ವಿಷಯದಲ್ಲೂ ಈಗ ಕತ್ತಲೆ ಬಹಳಷ್ಟು ಸರಿದಿದೆ. ಕೆಲವು ವಂಶವಾಹಿ ಗುರುತುಗಳಿರುವವರಲ್ಲಿ ಈ ರೋಗ ಹೆಚ್ಚೆಂದು 1978ರಲ್ಲಿ ತಿಳಿಯಿತು. ಆದರೆ ಆ ಗುರುತಿರುವ ಬಹುಪಾಲು ಮಂದಿಗೆ ರೋಗ ಬರುವುದಿಲ್ಲ. ಹೊರಗಿನ ಕಿಡಿಯೂ ಬೇಕು. ಅಂಥ ಕಿಡಿಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಸಿದ್ಧವಾಗಿರುವುದು ತಂಬಾಕಿನ ಹೊಗೆ. ಅದು ಶ್ವಾಸಕೋಶದ ಪ್ರೋಟೀನುಗಳನ್ನು ಮಾರ್ಪಡಿಸಿ, ದೇಹವು ಅವುಗಳನ್ನು ಪರಕೀಯವೆಂದು ಬಗೆಯುವಂತೆ ಮಾಡುವ ಬಗೆಯನ್ನು 2006ರಲ್ಲಿ ಸ್ವೀಡನ್ನಿನ ಸಂಶೋಧಕರು ವಿವರಿಸಿದರು. ನಿಪ್ಪಾಣಿಯ ತಂಬಾಕಿಗೆ ಹೆಸರಾದ ಜಿಲ್ಲೆಯಲ್ಲಿ ಇದನ್ನು ತುಸು ಗಟ್ಟಿಯಾಗಿಯೇ ಹೇಳಬೇಕು. ದೇಹ ತನ್ನ ಮೇಲೆ ತಾನು ಎರಗದಂತೆ ತಡೆಯುವ ಕಾವಲು ಕಣಗಳನ್ನು ಗುರುತಿಸಿದ್ದಕ್ಕಾಗಿ ಜಪಾನಿನ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಪಾರಿತೋಷಕ ದೊರೆತಿದೆ. ಯಾರ ಪಾಪವೆಂಬ ಪ್ರಶ್ನೆಗೆ ಈ ಯಾವ ಸಂಶೋಧನೆಯಲ್ಲೂ ಎಡೆ ಸಿಕ್ಕಿಲ್ಲ.

ಒಂದು ಕಾಲಕ್ಕೆ ಬೆಳಗಾವಿ ಸೀಮೆಯವರು ಕೈಮೀರಿದ ರೋಗಕ್ಕೆ ಡಾ. ವಾನ್ಲೆಸ್ ಅವರು ಕಟ್ಟಿದ ಮಿರಜದ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. ಈಗ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ರೋಗಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಮೆಥೋಟ್ರೆಕ್ಸೇಟ್ ಅಗ್ಗದ ಔಷಧ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಆದರೆ ಅದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು, ಆಗಾಗ ರಕ್ತಪರೀಕ್ಷೆಯಾಗಬೇಕು, ಮದ್ಯ ದೂರವಿರಬೇಕು, ಗರ್ಭ ಧರಿಸುವ ಯೋಚನೆಯಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದು ವಾರಕ್ಕೊಮ್ಮೆ ನುಂಗುವ ಔಷಧ. ನೋವು ಬೇಗ ಹೋಗಲೆಂದು ದಿನವೂ ನುಂಗಿ ಪ್ರಾಣ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲೂ ನಡೆದಿವೆ.

ಅದಕ್ಕೆ ಒಂದು ವಾರವನ್ನು ಗೊತ್ತುಮಾಡಿಕೊಳ್ಳಬೇಕು. ಪೂಜೆಗೆ ಹೋಗುವ ದಿನವಾದ್ದರಿಂದ ಭಾನುವಾರ ಮರೆಯುವುದಿಲ್ಲ. ಅಕ್ಷರ ಬಾರದ ತಾಯಿಗೂ ಅದು ನೆನಪಿರುತ್ತದೆ. ಮೆಥೋಟ್ರೆಕ್ಸೇಟಿನ ಕಾಟ ತಗ್ಗಲೆಂದು ವೈದ್ಯರು ಬೇರೆ ದಿನಕ್ಕೆ ಇನ್ನೊಂದು ಗುಳಿಗೆಯನ್ನು ಬರೆದುಕೊಡುತ್ತಾರೆ. ಅದು ಮುಂಬಯಿಯ ಗಿರಣಿಯ ಹೆಂಗಸರಿಂದ ತೊಡಗಿದ ಅದೇ ಫೋಲಿಕ್ ಆಮ್ಲ. ಎರಡೂ ಹಳದಿ ಬಣ್ಣದ ಚಿಕ್ಕ ಗುಳಿಗೆಗಳಾಗಿರುವುದುಂಟು. ಆದ್ದರಿಂದ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಡಬಾರದು. ಮನೆಯಲ್ಲಿ ಓದುವ ಮಗಳಿದ್ದರೆ ಡಬ್ಬಿಗಳ ಮೇಲೆ ವಾರದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅವಳೇ ಬರೆದಿಡಲಿ.